ಒಂದು ಎಂಜಿನ್ ಸಾಕೇ, ಎರಡು ಬೇಕೇ? ಅಳಿವೆ ದಾಟುವ ದೋಣಿಯ ಲೆಕ್ಕ

ಮಳೆಗಾಲದ ಮೊದಲ ಅಬ್ಬರ ತಗ್ಗಿ ನಾಡದೋಣಿಗಳು ಕಡಲಿಗಿಳಿಯುವ ಬೆಳಗುಗಳಲ್ಲಿ, ನದಿ ಸಮುದ್ರವನ್ನು ಸೇರುವ ಅಳಿವೆಬಾಗಿಲಿನ ಬಳಿ ದೋಣಿಗಳೆಲ್ಲ ಒಮ್ಮೆ ತಡೆದು ನಿಲ್ಲುತ್ತವೆ. ಒಳಗಿನಿಂದ ನದಿಯ ಕೆನ್ನೀರು ರಭಸದಿಂದ ಹೊರಕ್ಕೆ ನುಗ್ಗುತ್ತಿರುತ್ತದೆ, ಹೊರಗಿನಿಂದ ಬರುವ ಅಲೆ ಮರಳಿನ ದಿಬ್ಬಕ್ಕೆ ತಾಗಿ ಎದ್ದು ಮುರಿಯುತ್ತಿರುತ್ತದೆ. ಎರಡು ದೊಡ್ಡ ಅಲೆಗಳ ನಡುವಿನ ಬಿಡುವನ್ನು ಕಾದು, ಹಿಂಬದಿಯಲ್ಲಿ ಕುಳಿತವನು ಎಂಜಿನ್ನಿನ ಹಿಡಿಯನ್ನು ತಿರುಗಿಸಿ ದೋಣಿಯನ್ನು ನೇರವಾಗಿ ಹೊರಕ್ಕೆ ಓಡಿಸುತ್ತಾನೆ. ಗಂಗೊಳ್ಳಿಯಿರಲಿ, ಕೋಡಿಬೆಂಗ್ರೆಯಿರಲಿ, ಹೊನ್ನಾವರ ಅಥವಾ ತದಡಿಯಿರಲಿ, ಈ ದಾಟುವಿಕೆ ಕೆಲವೇ ನಿಮಿಷಗಳದ್ದು. ಆ ನಿಮಿಷಗಳಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡವಾಗಿ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದೇ ಅಲೆ ಸಾಕಾಗುತ್ತದೆ.

ಹಾಗಾದರೆ ಇಂತಹ ದೋಣಿಗೆ ಒಂದರ ಬದಲು ಎರಡು ಎಂಜಿನ್ ಹಾಕಿದರೆ ಅಪಾಯ ಅರ್ಧಕ್ಕಿಳಿಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ರಜೆ ಸಿಕ್ಕಾಗ ಮಲ್ಪೆ, ಕಾರವಾರಗಳ ಕಡೆ ಹೊರಡುವ, ಬೆಂಗಳೂರಿನ ಹೊರವಲಯದ ಹೆಬ್ಬಗೋಡಿ, ಬೊಮ್ಮಸಂದ್ರದ ಕಾರ್ಖಾನೆ ನೌಕರರಿಗೂ, ದೋಣಿಯ ಹಿಂದೆ ತೂಗುವ ಆ ಯಂತ್ರವನ್ನು ಕಂಡಾಗ ಇದೇ ಪ್ರಶ್ನೆ ಏಳುತ್ತದೆ. ಉತ್ತರ ಮಾತ್ರ ಮೇಲುನೋಟಕ್ಕೆ ತೋರುವಷ್ಟು ಸರಳವಲ್ಲ.

ಹಿಂಬದಿಗೆ ತೂಗುವ ಯಂತ್ರ

ಔಟ್‌ಬೋರ್ಡ್ ಎಂದರೆ ದೋಣಿಯ ಒಡಲಿನ ಒಳಗೆ ಕೂರದೆ, ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದ ಎಂಜಿನ್. ಮೇಲೆ ಯಂತ್ರದ ತಲೆ, ಕೆಳಗೆ ನೀರಿನಲ್ಲಿ ಮುಳುಗುವ ಉದ್ದನೆಯ ಕಾಲು, ಆ ಕಾಲಿನ ತುದಿಯಲ್ಲಿ ಗೇರ್ ಮತ್ತು ಪ್ರೊಪೆಲರ್ ಇರುತ್ತವೆ. ಪ್ರೊಪೆಲರನ್ನು ಕರಾವಳಿಯ ಮೀನುಗಾರರು ಸಾಮಾನ್ಯವಾಗಿ ಫ್ಯಾನ್ ಎಂದೇ ಕರೆಯುತ್ತಾರೆ. ಇಡೀ ಎಂಜಿನ್ನನ್ನು ಎಡಬಲಕ್ಕೆ ತಿರುಗಿಸಿದಾಗ ದೋಣಿಯೂ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ, ದಡ ಸಮೀಪಿಸಿದಾಗ ಎಂಜಿನ್ನನ್ನು ಓರೆಯಾಗಿ ಮೇಲೆತ್ತಿದರೆ ಫ್ಯಾನ್ ಮರಳಿಗೆ ತಾಗುವುದೂ ಇಲ್ಲ. ಬಂದರಿಲ್ಲದ ಊರುಗಳಲ್ಲಿ ದೋಣಿಯನ್ನು ನೇರವಾಗಿ ದಡಕ್ಕೇರಿಸುವವರಿಗೆ ಇದು ಬಹುದೊಡ್ಡ ಅನುಕೂಲ.

ನಾರ್ವೆ ಮೂಲದ ಓಲೆ ಎವಿನ್ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸುಮಾರು ಒಂದೂವರೆ ಅಶ್ವಶಕ್ತಿಯ ಇಂತಹ ಎಂಜಿನ್ ತಯಾರಿಸಿ ಮಾರತೊಡಗಿದ ಬಳಿಕ ಈ ಯಂತ್ರ ಜನಬಳಕೆಗೆ ಬಂತು. ಜಪಾನಿನ ಯಮಹಾ ತನ್ನ ಮೊದಲ ಔಟ್‌ಬೋರ್ಡನ್ನು ಹೊರತಂದದ್ದು 1960ರಲ್ಲಿ. ಮುಂದೆ ಏಷ್ಯಾ, ಆಫ್ರಿಕಾಗಳ ಕಡಲತೀರಗಳಲ್ಲಿ ಜಪಾನಿನ ಸರಳ ಎರಡು-ಸ್ಟ್ರೋಕ್ ಎಂಜಿನ್‌ಗಳೇ ಹೆಚ್ಚು ಬಳಕೆಗೆ ಬಂದವು. ಅವುಗಳಲ್ಲಿ ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ, ದಡದಲ್ಲಿಯೇ ಬಿಚ್ಚಿ ಜೋಡಿಸಬಹುದಾದಷ್ಟು ರಚನೆ ಸುಲಭ.

ಭಾರತದ ತೀರದಲ್ಲಿ ಬಳಕೆಯಾದ ಇಂತಹ ಎಂಜಿನ್‌ಗಳಲ್ಲಿ ಬಹುಪಾಲು ಸೀಮೆಎಣ್ಣೆಯಿಂದ ಓಡುವಂಥವು. ತಣ್ಣಗಿರುವ ಎಂಜಿನ್ ಸೀಮೆಎಣ್ಣೆಯಲ್ಲಿ ಹೊತ್ತಿಕೊಳ್ಳುವುದು ಕಷ್ಟವಾದ್ದರಿಂದ ಅದನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು, ನಿಲ್ಲಿಸುವ ಮುನ್ನ ಮತ್ತೆ ಕೆಲಹೊತ್ತು ಪೆಟ್ರೋಲಿನಲ್ಲಿ ಓಡಿಸಬೇಕು. ಈ ಕೊನೆಯ ಹೆಜ್ಜೆ ತಪ್ಪಿ ಎಂಜಿನ್ ಹಠಾತ್ತಾಗಿ ನಿಂತರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದುಬಿಡುತ್ತದೆ, ಆಗ ಎಷ್ಟು ಸಲ ಹಗ್ಗ ಎಳೆದರೂ ಎಂಜಿನ್ ಸುಲಭಕ್ಕೆ ಏಳುವುದಿಲ್ಲ. ಒಂದೋ ಎರಡೋ ಎಂಬ ಚರ್ಚೆಯಲ್ಲಿ ಮರೆಯಬಾರದ ಸಂಗತಿ ಇದು.

ಹುಟ್ಟಿನಿಂದ ಎಂಜಿನ್ನಿಗೆ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸಾಂಪ್ರದಾಯಿಕ ಮೀನುಗಾರಿಕೆ ಬಹುಕಾಲ ಹುಟ್ಟು, ಹಾಯಿ ಮತ್ತು ತೋಳ್ಬಲಗಳನ್ನೇ ನೆಚ್ಚಿಕೊಂಡಿತ್ತು. ಊರಿಗೆ ಊರೇ ಸೇರಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆಗೆ ಎಂಜಿನ್ನಿನ ಅಗತ್ಯವೇ ಇರಲಿಲ್ಲ, ಏಕೆಂದರೆ ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪಕ್ಕೇ ಬರುತ್ತಿತ್ತು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದು ಆ ಹಿಂಡುಗಳನ್ನು ದೂರದಲ್ಲಿಯೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಸೊರಗಿತು, ಸಣ್ಣ ದೋಣಿಯವರು ಮೀನನ್ನು ಅರಸಿ ತಾವೇ ದೂರ ಹೋಗಬೇಕಾಯಿತು. ದೂರ ಹೋಗಲು ಎಂಜಿನ್ ಬೇಕು, ಎಂಜಿನ್ನಿನ ಸಾಲ ತೀರಿಸಲು ಇನ್ನಷ್ಟು ಮೀನು ಬೇಕು, ಅದಕ್ಕಾಗಿ ಮತ್ತಷ್ಟು ದೂರ ಹೋಗಬೇಕು. ಈ ಸುತ್ತಿನೊಳಗೆ ಸಿಲುಕಿದ ಕುಟುಂಬಕ್ಕೆ ಎರಡನೆಯ ಎಂಜಿನ್ ಎಂಬುದು ಬರಿಯ ತಾಂತ್ರಿಕ ಆಯ್ಕೆಯಾಗಿ ಉಳಿಯುವುದಿಲ್ಲ.

ಇದಕ್ಕೆ ಕಾನೂನಿನ ಗೆರೆಯೊಂದು ಸೇರುತ್ತದೆ. ಕರ್ನಾಟಕ ತೀರದಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯೊಳಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇದೆ. ದೊಡ್ಡ ಬೋಟುಗಳು ದಡ ಸೇರಿರುವ ಆ ಎರಡು ತಿಂಗಳೇ ನಾಡದೋಣಿಯವರ ಮುಖ್ಯ ದುಡಿಮೆಯ ಕಾಲವಾದ್ದರಿಂದ, 8 ಅಥವಾ 9.9 ಅಶ್ವಶಕ್ತಿಯ ಎಂಜಿನ್ ಅವರಿಗೆ ಸರಿಹೊಂದುತ್ತದೆ. ಕಡಲು ಅತ್ಯಂತ ಒರಟಾಗಿರುವ ಋತುವಿನಲ್ಲಿಯೇ ಅತ್ಯಂತ ಸಣ್ಣ ಎಂಜಿನ್ನಿನ ದೋಣಿಗಳು ಅಳಿವೆ ದಾಟುತ್ತವೆ ಎಂಬುದನ್ನು ಓದುಗರು ಗಮನಿಸಬೇಕು.

ಎರಡಿದ್ದರೆ ಸಿಗುವುದೇನು

ಎರಡು ಎಂಜಿನ್ನಿನ ಪರವಾದ ವಾದವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಎಂಜಿನ್ ನೂರು ಯಾನಗಳಲ್ಲಿ ಒಮ್ಮೆ ಕೆಡುತ್ತದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಒಂದೇ ಎಂಜಿನ್ನಿನ ದೋಣಿ ನೂರಕ್ಕೊಮ್ಮೆ ನಡುನೀರಿನಲ್ಲಿ ನಿಲ್ಲುತ್ತದೆ. ಎರಡು ಎಂಜಿನ್ನಿನ ದೋಣಿಯಲ್ಲಿ ಎರಡರಲ್ಲೊಂದು ಕೆಡುವ ಸಂಭವ ನೂರಕ್ಕೆ ಸುಮಾರು ಎರಡಕ್ಕೇರುತ್ತದೆ, ಆದರೆ ಎರಡೂ ಒಂದೇ ಯಾನದಲ್ಲಿ ಕೆಡುವ ಸಂಭವ ಹತ್ತು ಸಾವಿರಕ್ಕೊಂದಕ್ಕಿಳಿಯುತ್ತದೆ. ಅಂದರೆ ಎರಡು ಎಂಜಿನ್ನಿನ ಮಾಲೀಕ ದುರಸ್ತಿಯ ತಾಪತ್ರಯವನ್ನು ಇಮ್ಮಡಿ ಕಾಣುತ್ತಾನೆ, ಆದರೆ ಅಸಹಾಯಕನಾಗಿ ತೇಲುವ ಗತಿ ಅವನಿಗೆ ಅತಿ ವಿರಳವಾಗಿ ಬರುತ್ತದೆ.

ಬೀಡುಬಲೆ ಹಾಕುವ ದೋಣಿಗಳಲ್ಲಿ ಈ ಲಾಭ ಎದ್ದು ಕಾಣುತ್ತದೆ. ಬಲೆ ಬಿಟ್ಟು ಗಂಟೆಗಟ್ಟಲೆ ಕಾಯುವಾಗ ಎಂಜಿನ್ ಆರಿಸಿರುತ್ತಾರೆ, ಗಾಳಿ ಎದ್ದ ಕೂಡಲೇ ಅದು ಮತ್ತೆ ಚಾಲೂ ಆಗಲೇಬೇಕು. ಬಲೆಯ ಹಗ್ಗವೋ ಕಡಲಿನಲ್ಲಿ ತೇಲುವ ಹಳೆಯ ಬಲೆಯ ತುಂಡೋ ಫ್ಯಾನಿಗೆ ಸುತ್ತಿಕೊಳ್ಳುವುದು ಈ ತೀರದಲ್ಲಿ ಆಗಾಗ ನಡೆಯುವ ಸಂಗತಿ, ಅಂತಹ ಹೊತ್ತಿನಲ್ಲಿ ಇನ್ನೊಂದು ಫ್ಯಾನ್ ಇದ್ದರೆ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದಿಟ್ಟು ಹಗ್ಗ ಕತ್ತರಿಸಲು ಸಮಯ ಸಿಗುತ್ತದೆ.

ತಿರುಗಿಸುವ ಅನುಕೂಲವೂ ಇದೆ. ಒಂದು ಎಂಜಿನ್ನನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿದರೆ ಅಗಲವಾದ ದೋಣಿ ಹೆಚ್ಚು ಕಡಿಮೆ ನಿಂತಲ್ಲೇ ತಿರುಗುತ್ತದೆ. ಆದರೆ ಇದಕ್ಕೆ ಎರಡೂ ಎಂಜಿನ್‌ಗಳ ನಡುವೆ ಸಾಕಷ್ಟು ಅಂತರವಿರಬೇಕು, ಕಿರಿದಾದ ನಾಡದೋಣಿಯ ಹಿಂಬದಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ.

ಒಂದೇ ಟ್ಯಾಂಕಿನ ಎರಡು ಎಂಜಿನ್

ಮೇಲಿನ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಎರಡು ಎಂಜಿನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಕಾರಣಗಳಿಂದ ಕೆಡಬೇಕು. ಕಡಲಿನಲ್ಲಿ ಹಾಗೆ ಆಗುವುದು ಕಡಿಮೆ. ಔಟ್‌ಬೋರ್ಡ್ ನಿಲ್ಲಲು ಸಾಮಾನ್ಯ ಕಾರಣ ಇಂಧನಕ್ಕೆ ಸೇರಿದ ನೀರು, ಕಸ ಅಥವಾ ಕಲಬೆರಕೆಯೇ ಹೊರತು ಎಂಜಿನ್ನಿನ ಒಳಗಿನ ಲೋಹದ ಭಾಗ ಮುರಿಯುವುದು ಅಷ್ಟು ಸಾಮಾನ್ಯವಲ್ಲ. ಒಂದೇ ಕ್ಯಾನಿನಿಂದ ಎರಡೂ ಎಂಜಿನ್ನಿಗೆ ಕೊಳವೆ ಹೋಗಿದ್ದರೆ ನೀರು ಬೆರೆತ ಎಣ್ಣೆ ಎರಡನ್ನೂ ಕೆಲವೇ ನಿಮಿಷಗಳ ಅಂತರದಲ್ಲಿ ನಿಲ್ಲಿಸುತ್ತದೆ.

ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದು ಹೊಸ ಮಾತಲ್ಲ. ಕರೆಂಟು ಹೋದಾಗಲೂ ಕೆಲಸ ನಿಲ್ಲಬಾರದೆಂದು ಎರಡು ಜನರೇಟರ್ ಇಟ್ಟು, ಎರಡಕ್ಕೂ ಒಂದೇ ಡೀಸೆಲ್ ಟ್ಯಾಂಕಿನಿಂದ ಪೈಪು ಎಳೆದರೆ, ಆ ಟ್ಯಾಂಕಿನ ತಳದ ಕೆಸರು ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ದೋಣಿಯಲ್ಲಿಯೂ ಪ್ರತಿ ಎಂಜಿನ್ನಿಗೆ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ಕೊಳವೆ, ನೀರನ್ನು ಬೇರ್ಪಡಿಸುವ ಪ್ರತ್ಯೇಕ ಫಿಲ್ಟರ್ ಇರಬೇಕು. ಬ್ಯಾಟರಿಯಿಂದ ಚಾಲೂ ಆಗುವ ದೊಡ್ಡ ಎಂಜಿನ್‌ಗಳಿಗೆ ಬ್ಯಾಟರಿಗಳೂ ಬೇರೆ ಬೇರೆ ಇರಬೇಕು. ಸಾಧ್ಯವಿದ್ದರೆ ಎರಡು ಟ್ಯಾಂಕುಗಳನ್ನು ಬೇರೆ ಬೇರೆ ದಿನ ಅಥವಾ ಬೇರೆ ಬೇರೆ ಕಡೆ ತುಂಬಿಸುವುದು ಇನ್ನೂ ಉತ್ತಮ. ಇವುಗಳಿಲ್ಲದೆ ಕೂಡಿಸಿದ ಎರಡನೆಯ ಎಂಜಿನ್ ಹಣವನ್ನೂ ತೂಕವನ್ನೂ ಮಾತ್ರ ಹೆಚ್ಚಿಸುತ್ತದೆ. ಎಂಜಿನ್ನಿನ ಸಂಖ್ಯೆಗಿಂತ ಇಂಧನದ ದಾರಿ ಮುಖ್ಯ ಎಂಬ ಈ ಮಾತನ್ನು ಮಾರಾಟಗಾರರೂ ಖರೀದಿಸುವವರೂ ಇನ್ನೂ ಗಟ್ಟಿಯಾಗಿ ಆಡಬೇಕಾಗಿದೆ.

ತೂಕ ಮತ್ತು ನೀರಿನ ತಡೆ

ಒಟ್ಟು ಶಕ್ತಿ ಒಂದೇ ಆಗಿದ್ದರೂ ಎರಡು ಎಂಜಿನ್ನಿನ ತೂಕ ಹೆಚ್ಚು. 150 ಅಶ್ವಶಕ್ತಿಯ ಒಂದು ನಾಲ್ಕು-ಸ್ಟ್ರೋಕ್ ಎಂಜಿನ್ ಸುಮಾರು 220 ಕಿಲೋ ತೂಗಿದರೆ, 75ರ ಎರಡು ಸೇರಿ 320 ಕಿಲೋ ಮೀರುತ್ತವೆ. ಆ ಹೆಚ್ಚುವರಿ ನೂರು ಕಿಲೋ ಬೀಳುವುದು ದೋಣಿಯ ತುತ್ತತುದಿಯ ಮೇಲೆ. ಹಿಂಬದಿ ಕುಗ್ಗಿದ ದೋಣಿಗೆ ಹಿಂದಿನಿಂದ ಬರುವ ಅಲೆ ಸುಲಭವಾಗಿ ಒಳನುಗ್ಗುತ್ತದೆ. ಅಳಿವೆಯಲ್ಲಿ ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದು ಹೆಚ್ಚು ಅಪಾಯಕಾರಿಯಾಗಲು ಈ ಹಿಂದಲೆಯೇ ಕಾರಣ. ಮೀನು ತುಂಬಿ ಮರಳುವ ದೋಣಿ ಮೊದಲೇ ಭಾರವಾಗಿರುತ್ತದೆ ಎಂಬುದನ್ನು ಸೇರಿಸಿ ನೋಡಿದರೆ, ಸುರಕ್ಷತೆಗೆಂದು ತಂದ ಎಂಜಿನ್ನೇ ಸಣ್ಣ ದೋಣಿಗೆ ಮುಳುವಾಗುವ ಸಾಧ್ಯತೆ ತಿಳಿಯುತ್ತದೆ.

ಫ್ಯಾನಿನ ಆಳವೂ ಮುಖ್ಯ. ಒಂದೇ ಎಂಜಿನ್ ದೋಣಿಯ ನಟ್ಟನಡುವೆ, ತಳದ ಅತ್ಯಂತ ಆಳವಾದ ರೇಖೆಯಲ್ಲಿ ಕೂರುತ್ತದೆ, ಎರಡಾದರೆ ಅವು ಪಕ್ಕಕ್ಕೆ ಸರಿಯುತ್ತವೆ. ದೋಣಿಯ ತಳ ಬದಿಗಳತ್ತ ಮೇಲೇರುವುದರಿಂದ ಪಕ್ಕದ ಫ್ಯಾನುಗಳು ನೀರಿನ ಮೇಲ್ಮೈಗೆ ಸಮೀಪವಾಗುತ್ತವೆ. ಅಲೆ ದೋಣಿಯನ್ನು ಓರೆ ಮಾಡಿದಾಗ ಮೇಲಿನ ಬದಿಯ ಫ್ಯಾನ್ ನೀರಿನೊಂದಿಗೆ ಗಾಳಿಯನ್ನೂ ಎಳೆದುಕೊಂಡು, ಹಿಡಿತ ಕಳೆದುಕೊಂಡು ವ್ಯರ್ಥವಾಗಿ ಗಿರಗಿರನೆ ಸುತ್ತುತ್ತದೆ. ಎಂಜಿನ್ನಿನ ಕಾಲು 15 ಅಂಗುಲದ್ದೋ 20 ಅಂಗುಲದ್ದೋ ಎಂಬುದನ್ನು ದೋಣಿಯ ಹಿಂಹಲಗೆಯ ಎತ್ತರಕ್ಕೆ ಹೊಂದಿಸಿ ಆರಿಸದಿದ್ದರೆ ಈ ತೊಂದರೆ ಇಮ್ಮಡಿಸುತ್ತದೆ.

ನೀರಿನೊಳಗೆ ಎರಡು ಕಾಲುಗಳಿದ್ದರೆ ತಡೆಯೂ ಹೆಚ್ಚು, ಹೀಗಾಗಿ ಅಷ್ಟೇ ಶಕ್ತಿಯ ಒಂದೇ ಎಂಜಿನ್ನಿಗಿಂತ ವೇಗ ತುಸು ಕಡಿಮೆ, ಇಂಧನದ ಖರ್ಚು ತುಸು ಹೆಚ್ಚು. ಪರ್ಮಿಟ್ ಇರುವ ನಾಡದೋಣಿಗೆ ಸರ್ಕಾರ ನಿಗದಿಪಡಿಸಿದ್ದು ತಿಂಗಳಿಗೆ 300 ಲೀಟರ್ ರಿಯಾಯಿತಿ ಸೀಮೆಎಣ್ಣೆ. ಪೂರ್ಣ ವೇಗದಲ್ಲಿ ಸಣ್ಣ ಎಂಜಿನ್ ಗಂಟೆಗೆ 5 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಅದು 60 ಗಂಟೆಗಳ ಓಟಕ್ಕೆ ಸಾಕು, ಅಂಥವೇ ಎರಡನ್ನು ಒಟ್ಟಿಗೆ ಓಡಿಸಿದರೆ 30 ಗಂಟೆಗೆ ಮುಗಿಯುತ್ತದೆ. ಆ ಎಣ್ಣೆಯೂ ಸಕಾಲಕ್ಕೆ ಸಿಗದೆ ಬೈಂದೂರು ಭಾಗದ ಮೀನುಗಾರರು ಮತ್ತೆ ಮತ್ತೆ ದನಿ ಎತ್ತಿದ್ದಾರೆ. ಪ್ಲಗ್, ಗೇರ್ ಆಯಿಲ್, ನೀರಿನ ಪಂಪಿನ ರಬ್ಬರ್ ಚಕ್ರ, ಉಪ್ಪುನೀರಿನ ಸವೆತವನ್ನು ತಾನು ಹೊತ್ತುಕೊಳ್ಳುವ ಸತುವಿನ ತುಂಡು, ಎಲ್ಲವೂ ಎರಡೆರಡು ಬೇಕು.

ಒಂದು ನಿಂತಾಗ

ಎರಡರಲ್ಲೊಂದು ನಿಂತರೆ ದೋಣಿ ಅರ್ಧ ವೇಗದಲ್ಲಿ ಮರಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ನಿಜವಲ್ಲ. ವೇಗದ ಹಗುರ ದೋಣಿಗಳು ಸಾಕಷ್ಟು ಶಕ್ತಿ ದೊರೆತಾಗ ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೇರಿ ಜಾರತೊಡಗುತ್ತವೆ. ಅರ್ಧ ಶಕ್ತಿಯಲ್ಲಿ ಬಹುತೇಕ ದೋಣಿಗಳು ಹಾಗೆ ಮೇಲೇರಲಾರವು, ಆದ್ದರಿಂದ ವೇಗ ಅರ್ಧಕ್ಕಿಂತಲೂ ಬಹಳ ಕೆಳಗಿಳಿಯುತ್ತದೆ. ನಿಂತ ಎಂಜಿನ್ನನ್ನು ಮೇಲೆತ್ತದೆ ನೀರಿನಲ್ಲೇ ಬಿಟ್ಟರೆ ಅದು ದೋಣಿಯನ್ನು ಹಿಂದಕ್ಕೆಳೆಯುತ್ತದೆ, ಉಳಿದ ಎಂಜಿನ್ ಒಂದು ಬದಿಯಿಂದಷ್ಟೇ ತಳ್ಳುವುದರಿಂದ ಹಿಡಿಯನ್ನು ಸದಾ ಓರೆಯಾಗಿ ಹಿಡಿದಿರಬೇಕಾಗುತ್ತದೆ. ಎರಡರ ಭಾರಕ್ಕೆಂದು ಆರಿಸಿದ ಫ್ಯಾನ್ ಒಂದೇ ಎಂಜಿನ್ನಿಗೆ ಹೊರೆಯಾಗುವುದರಿಂದ ಪೂರ್ತಿ ವೇಗಕ್ಕೆ ಒತ್ತಾಯಿಸಿದರೆ ಅದೂ ಬಿಸಿಯೇರಿ ಕೆಡಬಹುದು.

ಆದ್ದರಿಂದ ಎರಡು ಎಂಜಿನ್ ಹಾಕಿಸಿದವರು ಶಾಂತ ದಿನವೊಂದರಲ್ಲಿ ಒಂದನ್ನು ಆರಿಸಿ, ಮೇಲೆತ್ತಿ, ಇನ್ನೊಂದರಿಂದಲೇ ಪೂರ್ತಿ ಹೊರೆಯೊಂದಿಗೆ ದೋಣಿ ನಡೆಸಿ ನೋಡಬೇಕು. ಆ ಒಂದು ಎಂಜಿನ್ ಅಳಿವೆಯ ಸೆಳೆತಕ್ಕೆ ಎದುರಾಗಿ ದೋಣಿಯನ್ನು ಒಯ್ಯಲಾರದು ಎಂದಾದರೆ, ಅಪಾಯದ ಗಳಿಗೆಯಲ್ಲಿ ಎರಡನೆಯದನ್ನು ನೆಚ್ಚುವಂತಿಲ್ಲ.

ಮೂರನೆಯ ದಾರಿ

ಸಣ್ಣ ದೋಣಿಗೆ ಹೆಚ್ಚು ಒಪ್ಪುವುದು ಇವೆರಡರ ನಡುವಿನ ದಾರಿ. ಮುಖ್ಯ ಎಂಜಿನ್ ಒಂದೇ ಇದ್ದು, ಅದರ ಪಕ್ಕದಲ್ಲಿ ನಾಲ್ಕು ಅಥವಾ ಆರು ಅಶ್ವಶಕ್ತಿಯ, 25 ಕಿಲೋ ಆಸುಪಾಸಿನ ಸಣ್ಣ ಎಂಜಿನ್ನೊಂದನ್ನು ಮೇಲೆತ್ತಿ ಇಟ್ಟಿರುವುದು. ಇಂತಹ ಹಲವು ಸಣ್ಣ ಎಂಜಿನ್‌ಗಳಿಗೆ ತಮ್ಮದೇ ಪುಟ್ಟ ಟ್ಯಾಂಕ್ ಇರುತ್ತದೆ, ಹಗ್ಗ ಎಳೆದರೆ ಚಾಲೂ ಆಗುತ್ತವೆ, ಪೆಟ್ರೋಲಿನಲ್ಲಿಯೇ ಓಡುತ್ತವೆ. ಮುಖ್ಯ ಎಂಜಿನ್ನಿಗೂ ಇದಕ್ಕೂ ಹಂಚಿಕೊಂಡದ್ದು ಏನೂ ಇಲ್ಲ. ಇದರಿಂದ ವೇಗ ಸಿಗುವುದಿಲ್ಲ, ಆದರೆ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿಯಲು, ಬಂಡೆಯಿಂದ ದೂರ ಸರಿಯಲು, ನಿಧಾನವಾಗಿ ದಡ ಮುಟ್ಟಲು ಸಾಕಾಗುತ್ತದೆ. ಉಪೇಕ್ಷೆಗೊಳಗಾಗಿ ತಿಂಗಳುಗಟ್ಟಲೆ ಚಾಲೂ ಮಾಡದ ಸಣ್ಣ ಎಂಜಿನ್ ಬೇಕಾದಾಗ ಏಳುವುದಿಲ್ಲವಾದ್ದರಿಂದ, ಪ್ರತಿ ಸಲ ಹೊರಡುವ ಮುನ್ನ ಅದನ್ನು ಒಂದೆರಡು ನಿಮಿಷ ಓಡಿಸುವ ರೂಢಿ ಬೇಕು. ಹುಟ್ಟು ಮತ್ತು ಲಂಗರು ಇವೆಲ್ಲದರ ಹೊರತಾಗಿಯೂ ದೋಣಿಯಲ್ಲಿರಲೇಬೇಕು: ಎಂಜಿನ್ ನಿಂತ ದೋಣಿಯನ್ನು ಬಂಡೆಯತ್ತ ಹೋಗದಂತೆ ತಡೆಯುವ ಮೊದಲ ಸಾಧನ ಲಂಗರೇ.

ಎಂಜಿನ್‌ಗಳು ಸ್ವತಃ ಬದಲಾಗಿವೆ ಎಂಬುದನ್ನೂ ಹೇಳಬೇಕು. ಕಂಪ್ಯೂಟರ್ ನಿಯಂತ್ರಣದಲ್ಲಿ ಇಂಧನ ಸಿಂಪಡಿಸುವ ನಾಲ್ಕು-ಸ್ಟ್ರೋಕ್ ಎಂಜಿನ್‌ಗಳು ಹಳೆಯವುಗಳಿಗಿಂತ ಬಹಳ ನೆಚ್ಚತಕ್ಕವು. 2021ರಲ್ಲಿ ಅಮೆರಿಕದ ಮರ್ಕ್ಯುರಿ ಕಂಪನಿ 600 ಅಶ್ವಶಕ್ತಿಯ ಒಂದೇ ಔಟ್‌ಬೋರ್ಡನ್ನು ಹೊರತಂದ ಮೇಲೆ, ಹಿಂದೆ ಎರಡು ಮೂರು ಎಂಜಿನ್ ಬೇಡುತ್ತಿದ್ದ ದೋಣಿಗಳಿಗೂ ಶಕ್ತಿಯ ದೃಷ್ಟಿಯಿಂದ ಒಂದೇ ಸಾಕೆಂಬ ಸ್ಥಿತಿ ಬಂದಿದೆ. ಆದರೆ ಅವುಗಳ ದುರಸ್ತಿಗೆ ಕಂಪ್ಯೂಟರ್ ಬಲ್ಲ ಮೆಕ್ಯಾನಿಕ್ ಬೇಕು. 1909ರಿಂದ ನಡೆದುಬಂದ ಎವಿನ್ರೂಡ್ ಹೆಸರಿನ ಎಂಜಿನ್‌ಗಳ ತಯಾರಿಕೆಯೇ 2020ರಲ್ಲಿ ನಿಂತುಹೋಯಿತು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬಿಡಿಭಾಗ ಸಿಗದ ಎಂಜಿನ್ ಎಷ್ಟೇ ಆಧುನಿಕವಾಗಿದ್ದರೂ ನಾಡದೋಣಿಗೆ ಒಗ್ಗದು.

ಯಾವ ನೀರಿಗೆ ಯಾವುದು

ನಿಂತ ನೀರಿಗೆ ಈ ಚರ್ಚೆಯೇ ಬೇಡ. ಹೆಬ್ಬಗೋಡಿ ಕೆರೆಯಂಥ ಜಲಮೂಲದಲ್ಲಿ ಶುಚಿ ಕೆಲಸಕ್ಕೆ ಇಳಿಯುವ ದೋಣಿಗೆ ಹುಟ್ಟು ಅಥವಾ ಬ್ಯಾಟರಿಯ ಮೋಟಾರು ಸಾಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಭಾಗದ ಬಡಾವಣೆಗಳು ಮುಳುಗಿ ರಕ್ಷಣಾ ಪಡೆಗಳು ಗಾಳಿ ತುಂಬಿದ ದೋಣಿಗಳನ್ನು ಇಳಿಸಿದಾಗ, ಆ ಕೆಲಸಕ್ಕೆ ಬೇಕಿದ್ದದ್ದು ನಾಲ್ವರು ಹೊತ್ತು ಒಯ್ಯಬಹುದಾದ ಹಗುರತನ, ಅಲ್ಲಿ ಎರಡನೆಯ ಎಂಜಿನ್ ಭಾರವಷ್ಟೇ ಆಗುತ್ತಿತ್ತು.

ದಡದಿಂದ ಬಹುದೂರ ಹೋಗುವ, ಹೆಚ್ಚು ಜನರನ್ನು ಒಯ್ಯುವ, ಅಗಲವಾದ ಹಿಂಬದಿಯುಳ್ಳ ಫೈಬರ್ ದೋಣಿಗಳಿಗೂ ಪ್ರವಾಸಿಗರ ದೋಣಿಗಳಿಗೂ ಪ್ರತ್ಯೇಕ ಟ್ಯಾಂಕುಗಳುಳ್ಳ ಎರಡು ಎಂಜಿನ್ ಸರಿ. ಅಳಿವೆಯ ಆಸುಪಾಸಿನಲ್ಲಿ ದುಡಿಯುವ ಕಿರಿದಾದ ನಾಡದೋಣಿಗೆ ಚೆನ್ನಾಗಿ ನೋಡಿಕೊಂಡ ಒಂದು ಎಂಜಿನ್ ಮತ್ತು ಒಂದು ಸಣ್ಣ ತುರ್ತು ಎಂಜಿನ್ ಸಮಾನಶಕ್ತಿಯ ಜೋಡಿಗಿಂತ ಮೇಲು.

ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲಿಗೆ ಬದಲಿಸಿಕೊಳ್ಳಲು ದೋಣಿಯೊಂದಕ್ಕೆ 50,000 ರೂಪಾಯಿ ಸಹಾಯಧನ ನೀಡುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಪ್ರಕಟಿಸಿತ್ತು. ಎರಡು ಇಂಧನಗಳ ನಡುವೆ ಬದಲಿಸುವ ತೊಡಕು ತಪ್ಪುವುದರಿಂದ ಪೆಟ್ರೋಲಿಗೆ ಹೋಗುವುದೇ ಸುರಕ್ಷತೆಯತ್ತ ಒಂದು ಹೆಜ್ಜೆ. ಇಂತಹ ನೆರವಿನ ವ್ಯಾಪ್ತಿಗೆ ಮುಖ್ಯ ಎಂಜಿನ್ನಿನ ಜೊತೆಗೆ ತುರ್ತು ಬಳಕೆಯ ಸಣ್ಣ ಎಂಜಿನ್, ಪ್ರತ್ಯೇಕ ಟ್ಯಾಂಕ್ ಮತ್ತು ನೀರು ಬೇರ್ಪಡಿಸುವ ಫಿಲ್ಟರನ್ನೂ ಸೇರಿಸಬೇಕು, ತುರ್ತಿಗೆಂದೇ ಮೇಲೆತ್ತಿಟ್ಟ ಎಂಜಿನ್ನನ್ನು ಮಳೆಗಾಲದ 10 ಅಶ್ವಶಕ್ತಿಯ ಲೆಕ್ಕದಿಂದ ಹೊರಗಿಡುವ ಸ್ಪಷ್ಟ ಆದೇಶವನ್ನು ಮೀನುಗಾರಿಕೆ ಇಲಾಖೆ ಮುಂದಿನ ಜೂನ್ ಒಳಗೆ ಹೊರಡಿಸಬೇಕು. ಕಡಲಿಗಿಳಿಯುವ ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಕೋಸ್ಟ್ ಗಾರ್ಡ್‌ನ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ಇರಲಿ.